ಎತ್ತಿನ ಬಿಳುಪು

ಔದೆನಾರ್ಡೆಯಲ್ಲಿ ಭಾನುವಾರ ಎಂದರೆ
ಹೊರಗೆ ಬೂದು ಬಣ್ಣದ ಸ್ಕೆಲ್ಡ್ ನದಿ,
ಒಳಗೆ ಆವಿ ಹಿಡಿದ ಕಿಟಕಿ,
ಗೋದೆಲೀವೆಯ ಆಳದ ಪಾತ್ರೆಯಲ್ಲಿ
ಕರಗುತ್ತ ಕೂತ ದನದ ಕೊಬ್ಬು.

ಎತ್ತಿನ ಬಿಳುಪು ಅಂತಲೇ ಅದಕ್ಕೆ ಅವರ ಮಾತಿನಲ್ಲಿ ಹೆಸರು.
ಕಾಗದ ಸುತ್ತಿದ ಇಟ್ಟಿಗೆ.
ಬೆರಳಿಟ್ಟರೆ ಮೇಣ, ಬೆಂಕಿಯಿಟ್ಟರೆ ನೀರು,
ಸಂಜೆ ಆರಿದ ಮೇಲೆ ಮತ್ತೆ
ಪಾತ್ರೆಯೊಳಗೊಂದು ಜನವರಿಯ ಕೊಳ.
ಅವಳಮ್ಮ ಅದರಲ್ಲೇ ಕರಿದಳು.
ಅಮ್ಮನ ಅಮ್ಮ, ಯುದ್ಧದ ವರ್ಷ,
ಯಾವುದರಲ್ಲಿ ಕರಿದಳೋ ಯಾರೂ ಕೇಳಲಿಲ್ಲ.
ತಿಂದರು.

ಹೆಚ್ಚಿ, ತೊಳೆದು, ಬಟ್ಟೆಯಲ್ಲಿ ಒರೆಸಿ
(ಹನಿ ನೀರುಳಿದರೂ ಪಾತ್ರೆ ಕೆರಳುತ್ತದೆ)
ಮೊದಲು ಹದವಾದ ಕಾವಿನಲ್ಲಿ ಮೆತ್ತಗೆ ಬೇಯಿಸಿ,
ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟು,
ಆಮೇಲೆ ಜೋರು ಕಾವು.
ಎರಡು ಸಲ ಹುಟ್ಟಬೇಕು ಅಲ್ಲಿನ ಆಲೂಗಡ್ಡೆ.
ನಮ್ಮ ಮಾತಿನಲ್ಲಾದರೆ ದ್ವಿಜ.

ಈ ಅಕ್ಟೋಬರಿನಲ್ಲಿ ಮೊಮ್ಮಗಳು ಫೆಮ್ಕೆ ತಟ್ಟೆ ದೂಡಿದಳು.
"ಪ್ರಾಣಿಯದ್ದು ಏನೂ ತಿನ್ನೋದಿಲ್ಲ ಅಜ್ಜಿ, ಇನ್ನು ಮೇಲೆ."
"ಇದು ಆಲೂಗಡ್ಡೆ ಕಣೇ."
"ಈಜಿದ್ದು ಯಾವುದರಲ್ಲಿ?"

ಉತ್ತರ ಇರಲಿಲ್ಲ. ಅಂಗಡಿಗೆ ಹೋದಳು.
ಸೂರ್ಯಕಾಂತಿ, ಕೆನೋಲಾ, ಜೋಳ, ಕಡಲೆಕಾಯಿ, ಆಲಿವ್.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ,
ಹಾಗೆ ಒಂದೊಂದೂ ಶೀಷೆ ತಿರುಗಿಸಿ ಓದಿದಳು.
ಎಷ್ಟು ಕಾದರೆ ಹೊಗೆಯಾಡುತ್ತೇನೆಂದು
ಯಾವುದೂ ಬಾಯಿ ಬಿಡಲಿಲ್ಲ.
ಎಲ್ಲದರ ಮೇಲೂ ಒಂದೊಂದು ಕೆಂಪು ಹೃದಯದ ಚಿತ್ರ.

ಕಪಾಟು ತುಂಬುತ್ತಿದ್ದ ಯೂನಿಸ್ ಎಂಬ ಹುಡುಗ ಹೇಳಿದ:
"ಆಲಿವ್‌ನಲ್ಲಿ ಕರೀಬಾರದು ಅಂತಾರೆ. ಟೆಟುವಾನಿನಲ್ಲಿ ನನ್ನಜ್ಜಿ
ಮೀನು ಕರಿಯೋದು ಅದರಲ್ಲೇ. ಇನ್ನೂ ಇದ್ದಾಳೆ, ಇನ್ನೂ ಬೈತಾಳೆ.
ನಿಮಗೆ ಕಡಲೆಕಾಯಿ ಎಣ್ಣೆ ಸರಿ. ಕಾವು ತಡೀತದೆ,
ತನ್ನ ವಾಸನೆ ತಾನೇ ಇಟ್ಟುಕೊಳ್ತದೆ.
ಕಪ್ಪಗಾದರೆ ತೆಗೀರಿ. ಬಚ್ಚಲಿಗೆ ಮಾತ್ರ ಚೆಲ್ಲಬೇಡಿ."

ಹಳೇ ಪಾತ್ರೆಯನ್ನು ಎಷ್ಟು ಉಜ್ಜಿದರೂ
ಎತ್ತು ಎದ್ದು ಹೋಗಲಿಲ್ಲ.
ಹೊಸದೊಂದು ಕೊಂಡಳು, ಬೈದುಕೊಂಡೇ.

ಭಾನುವಾರ ಮೊದಲು ಒಂದೇ ಹೋಳು ಬಿಟ್ಟಳು.
ಸುತ್ತ ಸಣ್ಣ ಗುಳ್ಳೆ ನೆರೆದವು, ಪಿಸುಗುಟ್ಟಿದವು.
ಬಣ್ಣ ಬಂತು. ಸದ್ದೂ ಬಂತು.
ಫೆಮ್ಕೆ ಎರಡು ತಟ್ಟೆ ಮುಗಿಸಿ, "ಹೇಗಿದೆ ಅಜ್ಜಿ?"
ಗೋದೆಲೀವೆ ನಿಧಾನಕ್ಕೆ ಅಗಿದಳು.
ಸುಳ್ಳು ಹೇಳುವ ವಯಸ್ಸಲ್ಲ.
"ಗರಿಗರಿಯಾಗಿದೆ" ಅಂದಳು.
ಏನು ಇಲ್ಲ ಎಂಬುದನ್ನು
ಉಪ್ಪಿನ ಡಬ್ಬಿಯ ಹಿಂದೆ ಇಟ್ಟಳು.

ಬಿಚ್ಚದ ಇಟ್ಟಿಗೆಯೊಂದು ಉಳಿದಿತ್ತು.
ಬುಧವಾರ ಹಳೇ ಪಾತ್ರೆ ಇಳಿಸಿ ಕರಗಲಿಟ್ಟಳು.
ನಿಜ ಹೇಳಬೇಕು, ಆಲೂಗಡ್ಡೆಯನ್ನೂ ಹೆಚ್ಚಿಟ್ಟಿದ್ದಳು.
ಆಮೇಲೆ, ಒಬ್ಬಳಿಗೇ ಇಷ್ಟು ಕೊಬ್ಬೇ,
ಎಂದು ತನ್ನನ್ನೇ ಕೇಳಿಕೊಂಡು ನಕ್ಕಳು.

ಮೊಸರಿನ ಖಾಲಿ ಲೋಟಗಳಿಗೆ ಓಟ್ಸ್, ಬೀಜ, ಮೇಲೆ ಬಿಸಿ ಕೊಬ್ಬು.
ನಡುವೆ ಒಂದು ದಾರ.
ರಾತ್ರಿಯಿಡೀ ಚಳಿ ತನ್ನ ಕೆಲಸ ಮಾಡಿತು.
ಬೆಳಿಗ್ಗೆ ಪೇರಳೆ ಮರದಂತಲ್ಲ, ಪಕ್ಕದ ಒಣ ಪೇರ್ ಗಿಡದಲ್ಲಿ
ಕಪ್ಪು ಟೋಪಿ, ಹಳದಿ ಎದೆ, ಒಂದಲ್ಲ ಎರಡು
ತಲೆಕೆಳಗಾಗಿ ನೇತು ಕುಕ್ಕುತ್ತಿದ್ದವು,
ಯಾವುದರದ್ದು ಎಂದು ಕೇಳದೆ.

ಹಕ್ಕಿಗೂ ದ್ವಿಜ ಎಂದೇ ಹೆಸರು.

ಹೆಚ್ಚಿಟ್ಟ ಆಲೂಗಡ್ಡೆ ಇನ್ನೂ
ತಣ್ಣೀರಿನಲ್ಲಿ ಕಾಯುತ್ತಿತ್ತು.