ಬಿಳಿ ಊಟದ ಎರಡು ದಿನ

ಮೊಂಟೆವಿಡಿಯೊದಲ್ಲಿ ಜುಲೈ ಅಂದರೆ ಕೊರೆವ ಚಳಿ.
ಬಸ್ ಡ್ರೈವರ್ ವಾಲ್ದೆಮಾರ್ ನನ್ನ ಕುರ್ಚಿಯಲ್ಲಿ
ಬಾಯಿ ತೆರೆದು ಒರಗಿದ್ದಾನೆ. ಐವತ್ತೆಂಟು ವರ್ಷ,
ಅದರಲ್ಲಿ ನಲವತ್ತು ಮಾಟೆ ಸೊಪ್ಪಿನ ಕಹಿ ಹೀರಿದವು.

ಬಣ್ಣದ ಪಟ್ಟಿ ಹಿಡಿದು ನೋಡುತ್ತೇನೆ:
ಹಳೆ ಪಿಯಾನೋದ ಹಳದಿ, ಅಂಚಿಗೆ ಒದ್ದೆ ಎಲೆಯ ಕಂದು.
ಎಡದ ಕೋರೆಹಲ್ಲಿನ ತುದಿಯಲ್ಲಿ ಸಣ್ಣದೊಂದು ತಗ್ಗು,
ಬೆಳ್ಳಿಯ ಹೀರುಗೊಳವೆ ದಿನಾ ಬಂದು ಕೂತ ಜಾಗ.

'ಕಂಪನಿಯವರು ನನ್ನ ಮುಖ
ಬಸ್ಸಿನ ಬೆನ್ನಿಗೆ ಹಚ್ಚುತ್ತಾರಂತೆ, ದೊತೋರಾ.
ಹಲ್ಲು ಬಿಟ್ಟ ಮುಖ. ಎರಡು ಮೀಟರು.'

ಜೆಲ್ ಹಚ್ಚುತ್ತೇನೆ. ಹೇಳುತ್ತೇನೆ, ಹೇಳಲೇಬೇಕಲ್ಲ:
ಇದು ಸುಣ್ಣ ಬಳಿದ ಹಾಗಲ್ಲ. ಆಮ್ಲಜನಕ ಒಳಗಿಳಿದು
ಕಲೆಯ ಎಳೆಗಳನ್ನು ಕಡಿಯುತ್ತದೆ.
ಇಳಿವ ದಾರಿಯಲ್ಲಿ ಎನಾಮಲ್ಲಿನ ಖನಿಜವೂ ಚೂರು ಸಡಿಲ.
ಕೆಲ ದಿನ ಮೇಲ್ಮೈ ಮೆತ್ತಗೆ, ತುಸು ಒರಟು.
ಎಂಜಲು ನಿಧಾನಕ್ಕೆ ಆ ಸಾಲ ತೀರಿಸುತ್ತದೆ,
ಮಿತಿಯಲ್ಲಿದ್ದರೆ.

ಹೇಳದೆ ಬಿಟ್ಟದ್ದು:
ಎನಾಮಲ್ ಕಟ್ಟಿದ ಜೀವಕೋಶಗಳು
ಹಲ್ಲು ಬೆಳಕು ಕಾಣುವ ಹೊತ್ತಿಗೆ ಸತ್ತಿರುತ್ತವೆ.
ಮನೆ ಮುಗಿಸಿ, ಒಕ್ಕಲಿನ ಊಟಕ್ಕೆ ನಿಲ್ಲದ ಗಾರೆಯವರು.
ಗೋಡೆ ಬಿರಿದರೆ ಕರೆಯಲು ಯಾರೂ ಇಲ್ಲ.

ಎರಡು ದಿನ ಬಿಳಿ ಊಟ ಅಂದೆ.
ಅನ್ನ, ಹಾಲು, ಮೀನು, ಸಿಪ್ಪೆ ತೆಗೆದ ಸೇಬು.
'ಮಾಟೆ?'
ಇಲ್ಲ.
ಸಾವಿನ ಸುದ್ದಿ ಕೇಳಿದವನಂತೆ ಬಾಯಿ ಮುಚ್ಚಿದ.

ಬೆಳಗಿನ ಐದಕ್ಕೆ ಡಿಪೋದಲ್ಲಿ
ಸೋರೆಬುರುಡೆ ಕೈಯಿಂದ ಕೈಗೆ ಬಂತಂತೆ.
ಇವನು 'ಗ್ರಾಸಿಯಾಸ್' ಅಂದ.
ಇಲ್ಲಿ, ಬುರುಡೆಯ ಮುಂದೆ, ಆ ಪದಕ್ಕೆ
ಇನ್ನು ಸಾಕು ಎಂದೇ ಅರ್ಥ.
ಒಂದು ಗುಟುಕೂ ಹೀರದೆ ಸಾಕೆಂದವನನ್ನು
ಮೆಕ್ಯಾನಿಕ್ ಎಲ್ಬಿಯೊ ಅಡಿಯಿಂದ ಮುಡಿವರೆಗೆ ನೋಡಿದ.
ಹೊರಗೆ ನದಿಯ ಗಾಳಿ. ಬೇರಿನವರೆಗೆ ಜುಮ್.
ಹಲ್ಲು ಕಚ್ಚಿ ಸಹಿಸೋಣವೆಂದರೆ
ನೋವು ಅಲ್ಲೇ.

ಫೋಟೋ ಚೆನ್ನಾಗಿ ಬಂತು.
ಕಂದು ಹೋಯಿತು, ತಗ್ಗು ಹೋಗಲಿಲ್ಲ,
ಬಿಳುಪಿನಲ್ಲಿ ಈಗ ಅದೇ ಮೊದಲು ಕಾಣುತ್ತದೆ.

ಅಕ್ಟೋಬರಿನಲ್ಲಿ ಮತ್ತೆ ಬಂದ, ತುಟಿಯಂಚಿಗೆ ಹಸಿರು ಪುಡಿ.
'ಇನ್ನೊಂದು ಸಲ ಹಚ್ಚಿ.'
ಬೇಡ, ವರ್ಷವಾದರೂ ಕಳೆಯಲಿ ಅಂದೆ.

ಸಂಜೆ ಸಿಗ್ನಲ್ಲಿನಲ್ಲಿ ಅವನ ಬಸ್ಸಿನ ಹಿಂದೆಯೇ ನಿಂತೆ.
ಹೊಗೆ ನಳಿಗೆಯ ನೇರಕ್ಕೆ ಆ ದೊಡ್ಡ ನಗು,
ಮುಂದಿನೆರಡು ಹಲ್ಲಿಗೆ ಆಗಲೇ ಮಸಿ.
ಯಾರೋ ಬೆರಳಿನಿಂದ ಒರೆಸಲು ನೋಡಿದ್ದಾರೆ.