ಎಮ್ಮಿ ಕಂಡಿದ್ದು

ಮೊದಲ ತೂಕ ಮಾಡಿದರು.
ನೂಲಿನ ಲಡಿ ತೂಗೋ ಹಂಗ ಕಾಟಾದ ಮ್ಯಾಲ ನಿಲ್ಲಿಸಿ
ನಲವತ್ತೊಂದು ಕಿಲೋ ಅಂತ ಬರಕೊಂಡ ಸುಹಾಸ
ಒಮ್ಮೆ ಮುಳ್ಳು ನೋಡಿದ, ಒಮ್ಮೆ ನನ್ನ ಮಾರಿ ನೋಡಿದ.
"ಕಾಕೂ, ಭಾಳ ಹಗುರ ಅದೀರಿ. ಎದುರುಗಾಳಿ ಬಂದ್ರ
ನಡುವ ನಿಂತುಬಿಡ್ತೀರಿ. ಅಂಜಬ್ಯಾಡ್ರಿ, ನಾ ಬರ್ತೀನಿ."

ವಡಗಾವಿ ಮಗ್ಗದ ಸಂಘದಾವ್ರು ಒಂಬತ್ತು ಮಂದಿ,
ಟೆಂಪೋ ಮಾಡಿಕೊಂಡು ಜಾಂಬೋಟಿ ದಾಟಿ ಬಂದಿದ್ವಿ.
ಬುತ್ತಿ ಬಿಚ್ಚೂಕಿಂತ ಮೊದಲ ಹಾರೂಣು ಅಂತ ಇಂದೂಬಾಯಿ ಹಟ.
ಕಚ್ಚಿ ಬಿಗದು, ಪಟ್ಟಾ ಕಟಗೊಂಡು,
ತಲೀಗೆ ಹಳದಿ ಡಬರಿ ಬೋರಲ ಹಾಕ್ಕೊಂಡು
ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದ ನಕ್ಕಿದ್ದು.

ನಾ ಕೇಳಿದ್ದು ಒಂದ:
"ಈ ತಂತಿ ಎಷ್ಟು ಎಳೀದಪಾ?"
ಯಾರೂ ಇದನ್ನ ಕೇಳಿರಲಿಲ್ಲಂತ ಕಾಣತೈತಿ.
ತುಂಡೊಂದು ಬಿದ್ದಿತ್ತು, ತುದಿ ಬಿಚ್ಚಿ ಎಣಸಿದ,
ಆರು ಹುರಿ, ಹುರಿಗೆ ಹತ್ತೊಂಬತ್ತು ಎಳಿ.
ಮೂವತ್ತೆರಡು ವರ್ಷ ಎಳಿ ಕಾದ ಕಣ್ಣು ನನ್ನದು.
ಒಂದು ಹರದರ ಕೈ ತಾನ ಹೋಗಿ ಗಂಟ ಹಾಕತೈತಿ.
ಅಲ್ಲಿ, ಆಕಾಶದಾಗ, ಗಂಟ ಹಾಕಾವ್ರು ಯಾ

ದೂಡಿಬಿಟ್ಟ.

ಲಾಳಿ.
ಈ ಗುಡ್ಡದಿಂದ ಆ ಗುಡ್ಡಕ್ಕ ಎಸದ ಲಾಳಿ ನಾ,
ಕಿವ್ಯಾಗ ನಮ್ಮ ಪಡಸಾಲಿ ಸಪ್ಪಳ, ಹತ್ತು ಮಗ್ಗದ್ದು ಕೂಡಿ.
ಕೆಳಗ ಕಬ್ಬಿನ ಹಸರ, ಕೊಯ್ಲಿಗೆ ಬಂದ ಭತ್ತದ ಅರಿಷಿಣ,
ಬದು ಬದು, ಬದು ಬದು, ಪಟ್ಟಿ ಸೀರಿ ಹಾಸಿದಂಗ.
ಸೆರಗು ಬರಬೇಕಾದಲ್ಲಿ ಒಮ್ಮಿಗಿಲೆ ಕಪ್ಪಗ ಅಡವಿ.
ಅಡವಿಗೆ ಅಂಚ ಇಲ್ಲ.
ಅಂಚಿಲ್ಲದ್ದು ನೋಡಿದರ ನನಗ ಕೈ ಕಡೀತೈತಿ.

ಅಷ್ಟರಾಗ ಗಾಳಿ ಬಂತು.

ಸಾವಕಾಶ ಆತು. ಇನ್ನೂ ಸಾವಕಾಶ. ನಿಂತೆ.
ನೆಲದಿಂದ ಎಂಟಾಳು ಮ್ಯಾಲ,
ಒಣಹಾಕಿ ಮರತ ಪರಕಾರದಂಗ
ಅತ್ತ ತಿರಗತಾ, ಇತ್ತ ತಿರಗತಾ.
ಕೆಳಗ ಭತ್ತ ಕೊಯ್ಯಾಕಿ ಒಬ್ಬಾಕಿ ನಡಾ ನೆಟ್ಟಗ ಮಾಡಿ
ಹಣಿಗೆ ಕೈ ಹಚ್ಚಿ ನೋಡಿದಳು.

"ಜೇವಣ ಝಾಲಂ ಕಾ?" ಅಂದ್ಲು.
"ಇಲ್ಲಬೇ, ಬುತ್ತಿ ಆ ಕಡೆ ಹೋಗೇತಿ," ಅಂದೆ.
ಆಕೀದು ಮರಾಠಿ, ನನ್ನದು ಕನ್ನಡ, ನಡುವ ಇಷ್ಟು ಗಾಳಿ,
ಒಂದೂ ತೊಡಕಾಗಲಿಲ್ಲ.
ಯಾವೂರು, ಮಕ್ಕಳೆಷ್ಟು, ನೇಯ್ದರ ಸೀರಿಗೆ ಏನ ಸಿಗತೈತಿ,
ಹಿಂಗ ಜೋತುಬೀಳಾಕ ಏನ ಕೊಟ್ಟಿ?
"ಏಳನೂರು."
ಆಕಿ ಕುಡಗೋಲು ಕೆಳಗಿಟ್ಟಳು.

ನಾ ತಲಿ ತಗ್ಗಿಸಬೇಕಂದ್ರ ಅಲ್ಲಿ ತಗ್ಗಿಸೂದು ಅಂದ್ರ ಆಕೀನ್ನ ನೋಡೂದು.
ಸ್ವಲ್ಪ ಹೊತ್ತು ಬಿಟ್ಟು ಆಕೀನ ಅಂದ್ಲು:
"ಹೆಂಗೂ ಮ್ಯಾಲ ಅದಿ. ನನ್ನ ಎಮ್ಮಿ ಕಾಣತೈತೇನು ನೋಡ.
ಮುಂಜಾನಿಂದ ಇಲ್ಲ. ಒಂದು ಕೋಡು ಸೊಟ್ಟ."

ಅಲ್ಲಿತನಕ ನೋಡಿದ್ದು ಬರೇ ಬಣ್ಣ.
ಈಗ ಹುಡಕಿದೆ.
ಕಬ್ಬಿನ ಸಾಲು ಒಂದೊಂದ ಬಿಡಿಸಿ,
ಗೇರುಗಿಡದ ನೆರಳು ಎತ್ತಿ ಎತ್ತಿ,
ಅಡವಿ ಬಾಯಾಗಿನ ಹಳ್ಳದಗುಂಟ, ಕಲ್ಲು, ಕಲ್ಲು, ಕಲ್ಲು,
ಕಲ್ಲೊಂದು ಕಿವಿ ಬಡೀತು.

"ಹಳ್ಳದ ಮಡುವಿನ್ಯಾಗ! ಎರಡು ಮತ್ತೀಗಿಡದ ನಡುವ!"
ಹಗ್ಗ ಹಿಡದಿದ್ದ ಕೈ ಬಿಟ್ಟು ತೋರಿಸಿದೆ.
ಬಿಟ್ಟಿದ್ದೆ ಅನ್ನೂದು ಆಮ್ಯಾಲ ನೆನಪಾತು.
ಆಕಿ ಆಗಲೇ ಸೆರಗು ಸಿಗಿಸಿ ಬದು ಹಾರಿ ಓಡತಿದ್ದಳು,
ಹೋಗಿ ಬರ್ತೀನಿ ಅಂತೂ ಅನಲಿಲ್ಲ.

ಸುಹಾಸ ಬಂದ, ತಂತಿ ಮ್ಯಾಲ ಕೈ ಮುಂದ ಕೈ ಹಾಕಿಕೊಂತ,
ಬೆವರು ಮೂಗಿನ ತುದೀಗೆ.
"ಅಂಜಿದಿರೇನ್ರಿ ಕಾಕೂ? ಬರ್ರಿ, ಎಳಕೊಂಡು ಹೋಗ್ತೀನಿ."
ಎದುರುಗಾಳ್ಯಾಗ ಝುಣಕದ ವಾಸನಿ. ಬುತ್ತಿ ಬಿಚ್ಚ್ಯಾರ, ಹಲಕಟ್ಟಗೋಳು.

"ತಡಿ ತಮ್ಮಾ," ಅಂದೆ,
"ಎಮ್ಮಿ ಇನ್ನೂ ಎದ್ದಿಲ್ಲ."