ಲೈನ್ ಕ್ಲಿಯರ್

ಮೊದಲು ಹೋದದ್ದು ಬೆಳಕಲ್ಲ, ಸದ್ದು.
ಗುಂಯ್‌ಗುಡುತ್ತಿದ್ದ ಪಂಪು ನಿಂತಾಗಲೇ
ಮನೆಗೊಂದು ಸದ್ದಿತ್ತು ಅಂತ ತಿಳಿದದ್ದು.
ಮೇಲೇರುತ್ತಿದ್ದ ಗುಳ್ಳೆಗಳ ಸಾಲು ತೆಳ್ಳಗಾಗಿ
ಕೊನೆಯದೊಂದು ಒಡೆದು
ತೊಟ್ಟಿಯ ನೀರೂ ಗಾಜಾಯಿತು.

ಪೆನ್ಷನ್ ಮೊಹಲ್ಲಾದ ಹಿಟ್ಟಿನ ಗಿರಣಿ ಹಿಂದೆ
ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಬೇರೆಯದು
ಅರಸೀಕೆರೆಯಿಂದ ಲಾರಿಯಲ್ಲಿ ಬರಬೇಕು.
ಕಲೆಸಿದ ಅನ್ನ ತಟ್ಟೆಯಲ್ಲೇ ಬಿಟ್ಟು
ಧರ್ಮೇಶ ಗ್ಲೌಸು, ಬೆಲ್ಟು, ಟಾರ್ಚು ಹಿಡಿದು ಎದ್ದ.
ಬಾಗಿಲಲ್ಲಿ ತಿರುಗಿ,
"ಪಂಪಿನ ಪೈಪು ಎತ್ತಿ ಕಟ್ಟು. ನೀರು ಹಿಂದಕ್ಕೆ ಇಳಿದೀತು."
ನನಗೆ ಹೇಳಿದ್ದು ಅಷ್ಟೇ.

ಮೀನು ಅಸಲಿಗೆ ನಮ್ಮವಲ್ಲ.
ಹೊಳೆನರಸೀಪುರಕ್ಕೆ ವರ್ಗವಾದ ಜೆಇ ಸಾಹೇಬರು
"ಆಮೇಲೆ ಒಯ್ತೀನಿ" ಅಂತ ಇಟ್ಟುಹೋಗಿ ಎರಡು ವರ್ಷ.
ಹನ್ನೊಂದಿದ್ದವು, ಏಳಾಗಿವೆ.
ಜೊತೆ ಬಿಡದ ಎರಡು ಕೆಂಪಿನವಕ್ಕೆ
ಧರ್ಮೇಶ ಇಟ್ಟ ಹೆಸರು ಫೇಸು, ನ್ಯೂಟ್ರಲ್ಲು.
ತಳದ ಕಲ್ಲಿಗೆ ಬಾಯಿ ಅಂಟಿಸಿಕೊಂಡೇ ಇರುವ
ಕರಿಯದು, ಅರ್ತಿಂಗು.

ಎಂಟಕ್ಕೆ ಫೋನು ಶುರು.
"ಅಕ್ಕಾ, ಯಜಮಾನ್ರಿಗೆ ಹೇಳಿ, ಮಗೂಗೆ ಪರೀಕ್ಷೆ."
"ಫ್ರಿಜ್ಜಲ್ಲಿ ನಮ್ಮತ್ತೆ ಇನ್ಸುಲಿನ್ ಇದೆ ಕಣ್ರೀ."
"ನಿಮ್ಮನೇಲಿ ಇದೆಯಲ್ವಾ ಕರೆಂಟು? ನಿಜ ಹೇಳಿ."
ಲೈನ್‌ಮನ್ ಮನೆಯಲ್ಲಿ ಕತ್ತಲೆ ಅಂದರೆ
ಹಾಸನದಲ್ಲಿ ಯಾರೂ ನಂಬುವುದಿಲ್ಲ.

ಪುಷ್ಯದ ಚಳಿ, ರೆಡಾಕ್ಸೈಡ್ ನೆಲದಿಂದ ಪಾದಕ್ಕೆ ಹತ್ತುತ್ತದೆ.
ಹಳೇ ಕಂಬಳಿ ತೊಟ್ಟಿಗೆ ಸುತ್ತಿದೆ, ಮೇಲೆ ತೆರೆದಿಟ್ಟು.
ಬಿಸಿನೀರಿನ ಬಾಟಲಿ ಬಿರಡೆ ಬಿಗಿದು ತೇಲಿಬಿಟ್ಟೆ.
ಹೊಸ ನೀರು ಹಾಕುವಂತಿಲ್ಲ,
ಇವತ್ತು ನಲ್ಲಿಯ ಹೇಮಾವತಿಗೆ ಬ್ಲೀಚಿಂಗ್ ಘಾಟು.
ಇದ್ದ ನೀರನ್ನೇ ಮಗ್ಗಲ್ಲಿ ಮೊಗೆದು
ಮೊಳದೆತ್ತರದಿಂದ ಹುಯ್ಯಬೇಕು,
ಕಾಪಿ ಆರಿಸಿದ ಹಾಗೆ.
ಬೀಳುವ ನೀರು ಚೂರು ಗಾಳಿ ಹೊತ್ತು ಇಳಿಯುತ್ತದೆ.
ನೂರು ಮಗ್ಗು ಹುಯ್ದು, ನಾನೊಂದು ಉಸಿರು ಬಿಟ್ಟು,
ಮತ್ತೆ ನೂರು.
ನ್ಯೂಟ್ರಲ್ಲು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತದೆ
ಕೇಳಬೇಕೆಂದು ಬಂದು ಕೇಳಲಾರದೆ ನಿಂತವರಂತೆ.

ಕೇಳುವುದೇನು. ಕರೆಂಟು ಬರಲಿ ಅಂತ ತಾನೆ.
ನಾನದನ್ನು ಬೇಡಲಾರೆ ಮಾರಾಯಾ.
ಕತ್ತಲಿರುವಷ್ಟು ಹೊತ್ತು
ಅವನ ಕೈಯಲ್ಲಿರುವುದು ಬರೀ ತಂತಿ.
ಹೋದ ವರ್ಷ ಸಾಲಗಾಮೆ ರಸ್ತೆಯಲ್ಲಿ
ಲೈನ್ ಕ್ಲಿಯರ್ ಅಂತ ಬರೆದು ಸಹಿ ಹಾಕಿದ ಮೇಲೂ
ಯಾರದೋ ಆರತಕ್ಷತೆಯ ಜನರೇಟರಿನಿಂದ
ಹಿಂದಕ್ಕೆ ಹರಿದು ಬಂತು.
ನಂಜೇಶಣ್ಣ ಈಗ ಆಫೀಸಲ್ಲಿ ಕೂತು
ಉಳಿದ ಕೈಯಲ್ಲಿ ದೂರು ಬರೆದುಕೊಳ್ಳುತ್ತಾನೆ.

ಬಾ ಅನ್ನಲಿಲ್ಲ, ಬರಬೇಡ ಅನ್ನಲಿಲ್ಲ.
ಹುಯ್ದೆ.

ಮೂರೂ ಹತ್ತಕ್ಕೆ
ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು.
ಎದುರು ಮನೆಯಲ್ಲಿ ಆರಿಸದೆ ಬಿಟ್ಟ ಮಿಕ್ಸಿ
ನಿದ್ದೆಗಣ್ಣಲ್ಲಿ ಕಿರುಚಿತು. ಪಂಪು ಗುಂಯ್ ಅಂದಿತು.
ನನ್ನ ಫೋನು ಸುಮ್ಮನಿತ್ತು.

ಯಾವಾಗಲೂ ಮೊದಲು ಫೋನು, ಆಮೇಲೆ ಲೈಟು.
'ಇಳಿದೆ' ಅಂತ ನನಗೊಂದು ಮಾತು ಹೇಳಿ
ಆಮೇಲೆ ಊರಿಗೆ ಕರೆಂಟು.
ಮದುವೆಯಾದಾಗಿನ ಕರಾರು.

ಗುಳ್ಳೆ ಏಳುತ್ತಿದ್ದವು. ಹುಯ್ದೆ.
ಫೇಸು ಹಸಿರು ಗಿಡದ ಸುತ್ತ ಒಂದು ಸುತ್ತು ಬಂತು. ಹುಯ್ದೆ.
ನಾನು ಫೋನು ಮಾಡಿದರೆ, ಯಾರೂ ಎತ್ತದಿದ್ದರೆ?
ಮಾಡಲಿಲ್ಲ. ಹುಯ್ದೆ.

ನಾಲ್ಕನೇ ನಿಮಿಷಕ್ಕೆ ಗುರುತಿಲ್ಲದ ನಂಬರು.
"ಬ್ಯಾಟರಿ ಸತ್ತಿತ್ತು ಕಣೇ. ಇದು ಲಾರಿಯವನ ಫೋನು.
ಇಳಿದೆ. ಆಗ್ಲೇ ಇಳಿದೆ.
ಮೀನು?"

"ಆರು ಕಾಣ್ತವೆ" ಅಂದೆ. "ಅರ್ತಿಂಗು ಎಲ್ಲಿದೆಯೋ."
"ಕಲ್ಲಿನ ಹಿಂದಿರುತ್ತೆ. ಟಾರ್ಚು ಬಿಟ್ಟು ನೋಡು."

ಟಾರ್ಚು ಅವನ ಹತ್ತಿರವೇ ಇತ್ತು.
ಎತ್ತಿದ ತೋಳು ನನ್ನದು ಎತ್ತಿದ ಹಾಗೇ ಇತ್ತು,
ಮಗ್ಗಿನ ಅಂಚಿನಿಂದ ನೀರು ಸಣ್ಣಗೆ
ಮೊಣಕೈಗೆ ಇಳಿದು
ಸ್ವೆಟರಿನ ತೋಳು ನೆನೆಯುತ್ತಿತ್ತು.